ಒಗೆಯದ ಬೆಡ್‌ಶೀಟಿನ ಮೇಷ್ಟ್ರು

ಅಕ್ಕನನ್ನು ಅವರು ಮದುವೆಯಾದರು, ತಂಗಿಯನ್ನು ನಾನು. ಹೀಗಾಗಿ ನಾವಿಬ್ಬರೂ ಷಡ್ಡಕರು. ಇದು ಬಹಳ ನಾಜೂಕಿನ ಸಂಬಂಧ. ಅಣ್ಣತಮ್ಮಂದಿರಾದರೆ ಜಗಳವಾಡಬಹುದು, ಸ್ನೇಹಿತರಾದರೆ ಮಾತು ಬಿಡಬಹುದು. ಷಡ್ಡಕರು ಮಾತ್ರ ಜೀವಮಾನವಿಡೀ ಒಂದೇ ತಕ್ಕಡಿಯ ಎರಡು ತಟ್ಟೆಗಳಲ್ಲಿ ಕೂತು, ತೂಗುವವರ ಮುಖ ನೋಡುತ್ತಿರಬೇಕು. ನನ್ನ ತಟ್ಟೆ ಇಪ್ಪತ್ತಾರು ವರ್ಷಗಳಿಂದ ಮೇಲೆಯೇ ತೇಲುತ್ತಿದೆ. ಅವರು ಬಿಸಿನೆಸ್ ಸ್ಕೂಲಿನಲ್ಲಿ ಪಾಠ ಹೇಳುವವರು. ನಾನು ಛಾಪಖಾನೆಯಲ್ಲಿ ಕರಡು ತಿದ್ದುವವನು. ಬಿಡುವಿನಲ್ಲಿ ವಾರಪತ್ರಿಕೆಗೆ ನಗೆಬರಹ ಬರೆಯುತ್ತೇನೆ. "ನಿಮ್ಮ ಬರಹ ಓದಿದೆ" ಎಂದು ನನ್ನ ಹೆಂಡತಿ ಹೇಳುವ ಧಾಟಿಗೆ ಪಕ್ಕದ ಮನೆಯವರು ಯಾರಿಗೆ ಜ್ವರ ಎಂದು ವಿಚಾರಿಸಿಕೊಂಡು ಬಂದದ್ದುಂಟು.

ಅವರನ್ನು ನಾನು ಭಾವ ಎಂದು ಕರೆಯುತ್ತೇನೆ. ವಿದ್ಯಾರ್ಥಿಗಳು ಬೆನ್ನ ಹಿಂದೆ 'ಪರಿವರ್ತನೆ ಮೇಷ್ಟ್ರು' ಅನ್ನುತ್ತಾರೆ. ಈಚೆಗೆ ಅವರ ಮುಂದೆ ಆ ಪರಿವರ್ತನೆಯ ಸುದ್ದಿ ಎತ್ತಿದರೆ ಸಾಕು, ಕುಡಿಯುವ ಹಾಲಿನಲ್ಲಿ ನೊಣ ಕಂಡವರ ಹಾಗೆ ಮುಖ ಮಾಡಿ "ಥೂ" ಅನ್ನುತ್ತಾರೆ. ಆ 'ಥೂ' ಹೇಗೆ ಹುಟ್ಟಿತೆಂದು ಬಲ್ಲವರಲ್ಲಿ ನಾನೂ ಒಬ್ಬ. ಅದರಲ್ಲಿ ನನ್ನ ಪಾಲೂ ಇದೆ.

ಭಾವ ಆ ಕಾಲೇಜಿಗೆ ಸೇರಿದ್ದು ಟೈಪಿಂಗ್ ಮತ್ತು ಕಚೇರಿ ಪತ್ರವ್ಯವಹಾರ ಕಲಿಸಲು. ಟೈಪ್‌ರೈಟರುಗಳು ಗುಜರಿಗೆ ಹೋದವು, ಭಾವ ಉಳಿದರು. ಆಮೇಲೆ ಕಂಪ್ಯೂಟರ್ ಪರಿಚಯ ಮಾಡಿಕೊಟ್ಟರು. ಎಲ್ಲರಿಗೂ ಪರಿಚಯವಾದ ಮೇಲೆ ಅದೂ ನಿಂತಿತು. ಹೀಗೆ ಕೆಲಸ ಹೋಗುತ್ತದೋ ಇರುತ್ತದೋ ಎಂಬ ಹೊತ್ತಿನಲ್ಲಿ ನಿರ್ದೇಶಕರು ಯಾವುದೋ ಸಮ್ಮೇಳನಕ್ಕೆ ಹೋಗಿ, ಕೊರಳಿಗೆ ಬ್ಯಾಡ್ಜನ್ನೂ ಬಾಯಿಗೆ ಹೊಸ ಮಾತನ್ನೂ ಹಾಕಿಕೊಂಡು ಬಂದರು. ಅಧ್ಯಾಪಕರ ಸಭೆ ಕರೆದು, "ಇನ್ನು ಮುಂದೆ ಡಿಜಿಟಲ್ ಟ್ರಾನ್ಸ್‌ಫಾರ್ಮೇಶನ್, ಅಂದ್ರೆ ಡಿಜಿಟಲ್ ಪರಿವರ್ತನೆ, ಇಲ್ಲದೆ ಯಾವ ವ್ಯಾಪಾರವೂ ಬದುಕೋದಿಲ್ಲ. ಈ ವಿಷಯ ಯಾರು ತಗೋತೀರಿ?" ಎಂದರು. ಅಷ್ಟರಲ್ಲಿ ಪ್ರೊಜೆಕ್ಟರ್ ಆರಿಹೋಯಿತು. ಎಲ್ಲರೂ ಗೋಡೆ ನೋಡುತ್ತ ಕೂತರು. ಭಾವ ಎದ್ದು ಹೋಗಿ ವೈರು ಕಿತ್ತು, ಊದಿ, ಮತ್ತೆ ಸಿಕ್ಕಿಸಿದರು. ಬೆಳಕು ಬಂತು.

"ಇವರೇ!" ಎಂದರು ನಿರ್ದೇಶಕರು.

ಇಷ್ಟೇ ಅರ್ಹತೆ. ಉಳಿದದ್ದನ್ನು ಭಾವ ಅಂತರ್ಜಾಲದಲ್ಲಿ ಓದಿಕೊಂಡರು. ಮೂರು ವೃತ್ತ ಬರೆದು ಒಂದಕ್ಕೆ ಜನ, ಒಂದಕ್ಕೆ ಕೆಲಸದ ಕ್ರಮ, ಇನ್ನೊಂದಕ್ಕೆ ತಂತ್ರಜ್ಞಾನ ಎಂದು ಹೆಸರಿಡುತ್ತಿದ್ದರು. ಮೂರೂ ಒಂದರ ಮೇಲೊಂದು ಬೀಳುವ ಚೂರು ಜಾಗಕ್ಕೆ ಬಣ್ಣ ಹಚ್ಚಿ 'ಮೌಲ್ಯ' ಅನ್ನುತ್ತಿದ್ದರು. ನಾನೊಮ್ಮೆ, "ಭಾವ, ಜನ ಅನ್ನೋ ವೃತ್ತ ವರ್ಷ ವರ್ಷಕ್ಕೂ ಸಣ್ಣದಾಗ್ತಿದೆಯಲ್ಲ" ಎಂದೆ. "ಜಾಗ ಸಾಲೋದಿಲ್ಲ ಕಣಯ್ಯಾ" ಎಂದರು. ಆಗ ಇಬ್ಬರೂ ನಕ್ಕೆವು.

ಒಂಬತ್ತು ವರ್ಷದ ಹಿಂದೆ ಅವರಿಗೊಂದು ನಿಜವಾದ ಕೆಲಸ ಬಂತು. ಕಾಲೇಜಿನ ಆಡಳಿತ ಮಂಡಳಿಯಲ್ಲಿದ್ದ ಹಿರಿಯರೊಬ್ಬರಿಗೆ ಆಸ್ಪತ್ರೆಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿ ಇತ್ತು. ದಿನಕ್ಕೆ ಸಾವಿರಾರು ಬೆಡ್‌ಶೀಟು, ದಿಂಬಿನ ಚೀಲ, ಆಪರೇಶನ್ನಿನ ಹಸಿರು ಗೌನು. ಯಾವ ಆಸ್ಪತ್ರೆಯದು, ಯಾವ ವಾರ್ಡಿನದು ಎಂದು ಬಟ್ಟೆ ವಿಂಗಡಿಸಲು ಹದಿನಾಲ್ಕು ಹೆಂಗಸರಿದ್ದರು. ಬಟ್ಟೆಯ ಮೂಲೆಗೆ ಹೊಲಿದ ಬಣ್ಣದ ದಾರ ನೋಡಿ ಎಸೆಯುವುದು, ಎಣಿಸಿ ಗೋಡೆಯ ಕರಿಹಲಗೆಗೆ ಬರೆಯುವುದು ಅವರ ಕೆಲಸ. ಭಾವ ಹೋಗಿ ನೋಡಿ, ದಾರದ ಬದಲು ಪ್ರತಿ ಬಟ್ಟೆಗೂ ಒಂದು ಎಲೆಕ್ಟ್ರಾನಿಕ್ ಚಿಪ್ಪಿನ ಪಟ್ಟಿ ಅಂಟಿಸಿದರೆ ಯಂತ್ರವೇ ಎಣಿಸುತ್ತದೆ, ವಿಂಗಡಣೆಗೆ ಮೂವರು ಸಾಕು ಎಂದು ವರದಿ ಕೊಟ್ಟರು. ಮಾಲೀಕರು ಒಪ್ಪಿದರು. ಉದ್ಘಾಟನೆಯ ದಿನ ಸಾವಿರ ಬೆಡ್‌ಶೀಟು ಯಂತ್ರದ ಮುಂದೆ ಹಾದುಹೋದವು. ಸಾವಿರಕ್ಕೆ ಸಾವಿರ ಎಣಿಕೆಯಾಯಿತು. ನೂರಕ್ಕೆ ನೂರು! ಚಪ್ಪಾಳೆ, ಫೋಟೊ, ರಿಬ್ಬನ್ನು.

ಅದನ್ನು ಭಾವ ಕೇಸ್ ಸ್ಟಡಿ ಮಾಡಿದರು. ಬಿಸಿನೆಸ್ ಸ್ಕೂಲಿನ ಹೊರಗಿರುವ ನಮ್ಮಂಥವರಿಗಾಗಿ ಹೇಳುತ್ತೇನೆ: ಕೇಸ್ ಅಂದರೆ ಒಂದು ಕಂಪನಿಯ ಕಥೆ, ಹುಡುಗರು ಓದಿ ಚರ್ಚೆ ಮಾಡಲಿಕ್ಕೆ ಬರೆದದ್ದು. ಅದಕ್ಕೊಂದು ಕಟ್ಟುಪಾಡಿದೆ. ಹಳೆಯ ಸಿನಿಮಾ ಮದುವೆ ಮಂಟಪದಲ್ಲಿ ಮುಗಿಯುವ ಹಾಗೆ ಕೇಸ್ ಉದ್ಘಾಟನೆಯಲ್ಲಿ ಮುಗಿಯಬೇಕು. ಮರುದಿನ ಬೆಳಿಗ್ಗೆ ಪಾತ್ರೆ ಯಾರು ತೊಳೆದರು ಎಂದು ಯಾರೂ ಕೇಳಬಾರದು. ಭಾವ ಒಂಬತ್ತು ಪುಟ ಬರೆದು ಭಾಷೆ ತಿದ್ದಲು ನನಗೆ ಕೊಟ್ಟರು. ಕೊನೆಯ ವಾಕ್ಯ ಸಪ್ಪೆಯಾಗಿತ್ತು. ನನ್ನ ಕೈ ಸುಮ್ಮನಿರಬೇಕಲ್ಲ! "ಬೆಳಿಗ್ಗೆ ಒಂಬತ್ತು ಗಂಟೆಗೆ ಗುಂಡಿ ಒತ್ತಿದಾಗ ಒಂದು ಯುಗ ಮುಗಿದು ಇನ್ನೊಂದು ಕಣ್ಣು ತೆರೆಯಿತು" ಎಂದು ಬರೆದೆ. ಭಾವ ಬೆನ್ನು ತಟ್ಟಿದರು. ಆ ವಾಕ್ಯವನ್ನು ಒಂಬತ್ತು ವರ್ಷ, ವರ್ಷಕ್ಕೆ ಎರಡು ತರಗತಿಯಂತೆ, ನೂರಾರು ಹುಡುಗರು ಓದಿ ಪರೀಕ್ಷೆಯಲ್ಲಿ ಕಕ್ಕಿದ್ದಾರೆ.

ಈಗ ವಿಷಯಕ್ಕೆ ಬರುತ್ತೇನೆ. ಇಪ್ಪತ್ತೆರಡು ವರ್ಷ ದುಡಿದರೂ ಭಾವ ಇನ್ನೂ ಬರೀ ಬೋಧಕ. ಅವರ ಕೈಕೆಳಗೆ ಕಲಿತವರು ಪ್ರೊಫೆಸರುಗಳಾಗಿ ಅವರಿಗೇ ರಜೆ ಮಂಜೂರು ಮಾಡುತ್ತಿದ್ದರು. ಪ್ರೊಫೆಸರ್ ಆಗಬೇಕಾದರೆ ದೊಡ್ಡ ಪ್ರಕಾಶನದ ಕೇಸ್ ಸಂಗ್ರಹದಲ್ಲಿ ಒಂದಾದರೂ ಅಚ್ಚಾಗಿರಬೇಕಂತೆ. ಅವರ ಐವತ್ತೇಳನೆಯ ವಯಸ್ಸಿನಲ್ಲಿ ಕೊನೆಗೂ ಒಂದು ಪ್ರಕಾಶನ ಲಾಂಡ್ರಿ ಕೇಸನ್ನು ಆರಿಸಿತು. ಅರವತ್ತಕ್ಕೆ ನಿವೃತ್ತಿ; ಇದು ತಪ್ಪಿದರೆ ಮತ್ತಿಲ್ಲ. ಸುದ್ದಿ ಬಂದ ದಿನವೇ ಅತ್ತಿಗೆ, ಅಂದರೆ ನನ್ನ ಹೆಂಡತಿಯ ಅಕ್ಕ, ನೆಂಟರಿಷ್ಟರಿಗೆಲ್ಲ ಫೋನು ತಿರುಗಿಸಿದರು. "ಪ್ರೊಫೆಸರ್ ಆಗ್ತಿದ್ದಾರೆ" ಎಂದು ನಮ್ಮ ಮನೆಗೆ ಎರಡು ಸಲ ಫೋನ್ ಬಂತು. ಮೊದಲನೇ ಸಲ ನಾನು ಎತ್ತಿದ್ದೆ. ನನಗೆ ಹೇಳಿದ್ದು ಲೆಕ್ಕಕ್ಕಿಲ್ಲವೆಂದು ತಂಗಿಗೆ ಮತ್ತೆ ಹೇಳಿದರು.

ಒಂದೇ ಒಂದು ಕಾಗದ ಬಾಕಿ ಇತ್ತು. ಕೇಸ್ ಅಚ್ಚು ಮಾಡಲು ಆ ಲಾಂಡ್ರಿಯವರ ಒಪ್ಪಿಗೆ ಪತ್ರ, ಹೊಸದಾಗಿ ಸಹಿ ಹಾಕಿದ್ದು.

"ನಿನ್ನ ಕಾರಿನಲ್ಲಿ ಹೋಗೋಣ, ಹತ್ತು ನಿಮಿಷದ ಕೆಲಸ" ಎಂದರು ಭಾವ. ಹೊರಟೆವು.

ಲಾಂಡ್ರಿಯ ಬಾಗಿಲಲ್ಲೇ ಬಿಸಿ ಹತ್ತಿಯ, ಬ್ಲೀಚಿನ ವಾಸನೆ ಮೂಗಿಗೆ ಹೊಡೆಯಿತು. ಒಳಗೆ ಉಗಿ. ನನ್ನ ಕನ್ನಡಕ ಮಂಜಾಗಿ ಒಂದು ನಿಮಿಷ ನಾನು ಯಾವುದೋ ಟ್ರಾಲಿಗೆ ನಮಸ್ಕಾರ ಮಾಡಿದೆ. ಒರೆಸಿಕೊಂಡು ನೋಡಿದರೆ ಒಂದು ಪಕ್ಕ ಆಳೆತ್ತರದ ಬಟ್ಟೆಯ ಗುಡ್ಡಗಳು, ಇನ್ನೊಂದು ಪಕ್ಕ ಕೋಣೆಯಷ್ಟು ಅಗಲದ ಇಸ್ತ್ರಿ ಉರುಳೆ. ಅದು ಒದ್ದೆ ಬೆಡ್‌ಶೀಟನ್ನು ಆ ಕಡೆ ನುಂಗಿ ಈ ಕಡೆ ಹಪ್ಪಳದಂತೆ ಉಗುಳುತ್ತಿತ್ತು. ಮೂವರು ಹೆಂಗಸರು ಗುಡ್ಡದ ಮುಂದೆ ನಿಂತು, ಮೂಲೆ ಹಿಡಿದು, ನೋಡಿ, ಎಸೆಯುತ್ತಿದ್ದರು. ಗೋಡೆಯ ಮೇಲೆ ಕರಿಹಲಗೆ. ಅದರ ತುಂಬ ಸೀಮೆಸುಣ್ಣದ ಅಂಕಿ.

ಭಾವ ಕರಿಹಲಗೆಯನ್ನೇ ನೋಡುತ್ತ ನಿಂತರು. "ಇದನ್ನ ತೆಗೆಸಿದ್ದೆನಲ್ಲ" ಎಂದು ಗೊಣಗಿದರು.

"ಓಹೋ! ರಿಬ್ಬನ್ ಮೇಷ್ಟ್ರು!" ಎಂಬ ಕೂಗು ಉರುಳೆಯ ಆಚೆಯಿಂದ ಬಂತು. ಲಾಂಡ್ರಿಯ ಮೇಲ್ವಿಚಾರಕಿ. ಅಲ್ಲಿ ಎಲ್ಲರಿಗೂ ಆಕೆ ದೊಡ್ಡಕ್ಕ. ಆಗ ವಿಂಗಡಣೆಯ ಹೆಂಗಸರ ಮುಖ್ಯಸ್ಥೆಯಾಗಿದ್ದಳು; ಮಾಲೀಕರಿಗೆ ವಯಸ್ಸಾಗಿ ಬರುವುದು ನಿಂತ ಮೇಲೆ ಸಹಿ ಹಾಕುವ ಅಧಿಕಾರವೂ ಅವಳದೇ. ನೀರಿನಲ್ಲಿ ಮೂವತ್ತು ವರ್ಷ ಆಡಿ ಸುಕ್ಕಾದ ಬೆರಳುಗಳು. "ಬನ್ನಿ ಬನ್ನಿ. ಒಂಬತ್ತು ವರ್ಷಕ್ಕೆ ದಾರಿ ನೆನಪಾಯ್ತಾ?"

ಭಾವ ಪತ್ರವನ್ನೂ ಕೇಸನ್ನೂ ಕೊಟ್ಟು, "ಇಲ್ಲೊಂದು ಸಹಿ ಆದರೆ..." ಎಂದರು.

"ಓದದೇ ಸಹಿ ಹಾಕಬಾರದು ಅಂತ ನಮ್ಮಪ್ಪ ಹೇಳಿಕೊಟ್ಟಿದ್ದಾರೆ" ಎಂದು ದೊಡ್ಡಕ್ಕ ಕೂತೇಬಿಟ್ಟಳು. ಒಂದೊಂದು ಸಾಲಿಗೂ ಬೆರಳಿಟ್ಟು ಒಂಬತ್ತು ಪುಟ ಓದಿದಳು. ಎರಡು ಸಲ ಚಹಾ ಬಂತು. ಕೊನೆಯ ಸಾಲಿಗೆ ಬೆರಳು ನಿಂತಾಗ ನನ್ನ ಎದೆ ಕೊಂಚ ಉಬ್ಬಿತು ಎಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ.

"ಇದೇನು ಮೇಷ್ಟ್ರೇ, ಬೆಳಿಗ್ಗೆ ಒಂಬತ್ತಕ್ಕೇ ನಿಲ್ಲಿಸಿಬಿಟ್ಟಿದ್ದೀರಿ? ನಾವು ಅವತ್ತು ಸಂಜೆ ಐದರ ತನಕ ಕೆಲಸ ಮಾಡಿದ್ವಪ್ಪ."

"ಕೇಸ್ ಅಂದ್ರೆ ಹಾಗೇ ಅಮ್ಮಾ, ಅಲ್ಲಿಗೇ ನಿಲ್ಲಿಸಬೇಕು."

"ಯಾಕೆ? ಆಮೇಲೆ ಏನಾಯ್ತು ಅಂತ ನಿಮಗೆ ಗೊತ್ತಾ?"

ಭಾವ ಚಹಾದ ಲೋಟ ಕೆಳಗಿಟ್ಟರು.

"ಹೋಗಲಿ, ಅವತ್ತು ಯಂತ್ರದ ಮುಂದೆ ಬಿಟ್ಟ ಸಾವಿರ ಬೆಡ್‌ಶೀಟು, ಒಗೆದವಾ, ಒಗೆಯದವಾ?"

"ಅಂದ್ರೆ?"

"ಅಂದ್ರೆ ಹೊಸವು ಮೇಷ್ಟ್ರೇ! ಅಂಗಡಿಯಿಂದ ಬಂದಿದ್ದವು, ಪ್ಲಾಸ್ಟಿಕ್ ಚೀಲ ಬಿಚ್ಚಿದ್ದು ನಾನೇ. ಮಡಿಕೆ ಕೂಡ ಮುರಿದಿರಲಿಲ್ಲ. ನೀರನ್ನೇ ಕಾಣದ ಬಟ್ಟೆ ಎಣಿಸಿ ನೂರಕ್ಕೆ ನೂರು ಅಂತ ಬರಕೊಂಡು ಹೋದ್ರಿ."

ನಾನು ಭಾವನ ಮುಖ ನೋಡಿದೆ. ಲಾಂಡ್ರಿಯ ಯಂತ್ರವನ್ನು ಒಗೆಯದ ಬಟ್ಟೆಯಿಂದ ಪರೀಕ್ಷೆ ಮಾಡುವ ತಪ್ಪನ್ನು ಅಗಸರ ಮನೆಯ ಕತ್ತೆಯೂ ಮಾಡುತ್ತಿರಲಿಲ್ಲ. ಅದಕ್ಕೆ ಬಿಸಿನೆಸ್ ಸ್ಕೂಲಿನವರೇ ಬೇಕು; ಅದನ್ನು ಒಳ್ಳೆಯ ವಾಕ್ಯದಲ್ಲಿ ಮುಗಿಸಲು ನಾನು ಬೇಕು.

ದೊಡ್ಡಕ್ಕ ಉಳಿದದ್ದನ್ನೂ ಹೇಳಿದಳು. ಮೊದಲ ಬಿಸಿನೀರಿಗೇ ಚಿಪ್ಪಿನ ಪಟ್ಟಿಗಳ ಅಂಚು ಎದ್ದಿತು. ಇಸ್ತ್ರಿ ಉರುಳೆಯ ಶಾಖಕ್ಕೆ ಸುರುಟಿ ಉದುರಿದವು. ನಲವತ್ತು ದಿನದಲ್ಲಿ ಆಪರೇಶನ್ ವಾರ್ಡಿನ ಬಟ್ಟೆ ಮಕ್ಕಳ ವಾರ್ಡಿಗೆ ಹೋಯಿತು, ಆಸ್ಪತ್ರೆಯವರು ಬಂದು ಬಾಯಿಗೆ ಬಂದಂತೆ ಬೈದರು. ಹನ್ನೊಂದು ಹೆಂಗಸರನ್ನು ಅಷ್ಟರಲ್ಲಿ ಮನೆಗೆ ಕಳಿಸಿ ಆಗಿತ್ತು. ವಾಪಸ್ ಕರೆಯಿರಿ ಎಂದರೆ, "ಕರೆದರೆ ಯಂತ್ರ ಸೋತಿತು ಅಂತಾಗುತ್ತೆ" ಎಂದರಂತೆ ಮಾಲೀಕರು. ಉಳಿದ ಮೂವರು ಮತ್ತೆ ಬಣ್ಣದ ದಾರ ಹೊಲಿದುಕೊಂಡು ಹದಿನಾಲ್ಕು ಜನರ ಕೆಲಸ ಎಳೆದರು. ದಿನವೂ ಯಂತ್ರದ ಪರದೆಯಲ್ಲಿ ಹಸಿರು ದೀಪ ಬರಬೇಕೆಂದು ಮಾಲೀಕರು ಹಟ ಹಿಡಿದದ್ದರಿಂದ, ಪರದೆ ಯಾವ ಅಂಕಿ ಕೇಳುತ್ತದೋ ಅದನ್ನೇ ದೊಡ್ಡಕ್ಕ ಒತ್ತುತ್ತಿದ್ದಳು. ನಿಜವಾದ ಅಂಕಿ ಕರಿಹಲಗೆಗೆ.

"ಆ ಹನ್ನೊಂದು ಜನ ಈಗ ಎಲ್ಲಿದ್ದಾರೆ?" ಎಂದು ಭಾವ ಕೇಳಿದರು. ಧ್ವನಿ ಕೆಳಗಿಳಿದಿತ್ತು.

"ಎಲ್ಲೆಲ್ಲೋ. ಒಬ್ಬಳು ನಿಮ್ಮ ಹತ್ತಿರವೇ ಇದ್ದಾಳಲ್ಲ! ನಿಮ್ಮ ಕಾಲೇಜಿನಲ್ಲಿ ಗುಡಿಸಿ ಒರೆಸೋದು. ಆರು ವರ್ಷ ಆಯ್ತು. ಗೊತ್ತಿಲ್ವಾ?"

ಭಾವನಿಗೆ ಗೊತ್ತಿತ್ತು, ಗೊತ್ತಿರಲಿಲ್ಲ. ಪ್ರತಿ ತರಗತಿ ಮುಗಿದ ಮೇಲೆ ಬಕೆಟ್ಟು ಹಿಡಿದು ಒಳಗೆ ಬಂದು ಬೋರ್ಡು ಒರೆಸುವ ಹೆಂಗಸು. ಬೋರ್ಡಿನ ಮೇಲೆ ಆ ಲಾಂಡ್ರಿಯ ಹೆಸರಿರುತ್ತಿತ್ತು, 'ಸಿಬ್ಬಂದಿ: ಹದಿನಾಲ್ಕರಿಂದ ಮೂರು' ಎಂದಿರುತ್ತಿತ್ತು, ಪಕ್ಕದಲ್ಲಿ ಸರಿ ಗುರುತು.

"ಅವಳಿಗೆ ಓದೋಕೆ ಬರುತ್ತಾ?" ಎಂದರು.

"ನನಗೆ ಓದೋಕೆ ಕಲಿಸಿದ್ದೇ ಅವಳು."

ಆಮೇಲೆ ದೊಡ್ಡಕ್ಕ ಪೆನ್ನು ತೆಗೆದುಕೊಂಡಳು. "ಮೇಷ್ಟ್ರೇ, ನಿಮ್ಮ ಹೊಟ್ಟೆ ಮೇಲೆ ಹೊಡೆಯೋಕೆ ನನಗೇನೂ ಆಸೆ ಇಲ್ಲ. ಸಹಿ ಹಾಕ್ತೀನಿ. ಆದರೆ ಇನ್ನೊಂದು ಪುಟ ಬರೀಬೇಕು. ಒಂಬತ್ತು ಗಂಟೆ ಆದ ಮೇಲೆ ಏನಾಯ್ತು ಅಂತ. ಆ ಹನ್ನೊಂದು ಜನದ ಸಮೇತ. ಬರೀತೀರಾ?"

"ಬರೀತೀನಿ."

"ಮೇಷ್ಟ್ರ ಮಾತಲ್ವಾ" ಎಂದು ಸಹಿ ಹಾಕಿ ಕೊಟ್ಟೇಬಿಟ್ಟಳು. ಪತ್ರ ಅವತ್ತೇ ಕಾಲೇಜಿನ ಕಚೇರಿ ಸೇರಿತು.

ಬರುವಾಗ ಕಾರಿನಲ್ಲಿ ಭಾವ ಮೊದಲ ಸಲ "ಥೂ" ಅಂದರು. ನಾನು ಕಿಟಕಿಯ ಗಾಜು ಇಳಿಸಿದೆ. "ಹೊರಗಲ್ಲ ಕಣಯ್ಯಾ, ಒಳಗೆ" ಎಂದರು.

ಒಂದು ವಾರ ಕೂತು ಅವರು ಹತ್ತನೆಯ ಪುಟ ಬರೆದರು. ಹನ್ನೊಂದರಲ್ಲಿ ನಾಲ್ವರನ್ನು ಹುಡುಕಿ ಮಾತಾಡಿಸಿದರು. ಒಬ್ಬಳು ಬಸ್ ನಿಲ್ದಾಣದಲ್ಲಿ ಪಾಯಿಖಾನೆ ತೊಳೆಯುತ್ತಿದ್ದಳು. ಒಬ್ಬಳು ಮಗನ ಮನೆಯಲ್ಲಿ, ಸೊಸೆಯ ಬಾಯಿಗೆ ಸಿಕ್ಕಿ, ಇದ್ದಳು. ಇನ್ನೊಬ್ಬಳು "ಯಾರು ನೀವು?" ಎಂದು ಬಾಗಿಲು ಹಾಕಿಕೊಂಡಳು. ಕಾಲೇಜಿನವಳು, "ಕೆಲಸ ಇದೆ ಸರ್, ಆಮೇಲೆ" ಎಂದು ಬಕೆಟ್ಟು ಎತ್ತಿಕೊಂಡು ಹೋದಳಂತೆ. ಬರೆದದ್ದನ್ನು ತಂದು ನನ್ನ ಮುಂದಿಟ್ಟು ಭಾವ ಹೇಳಿದರು: "ಅಕ್ಷರದ ತಪ್ಪು ಮಾತ್ರ ನೋಡು. ನಿನ್ನ ಯುಗ, ಕಣ್ಣು, ರೆಪ್ಪೆ ಏನೂ ಬೇಡ." ತಿದ್ದುವುದಕ್ಕೆ ಏನೂ ಇರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅವರು ಇಷ್ಟು ಸಣ್ಣ ಸಣ್ಣ ವಾಕ್ಯ ಬರೆದದ್ದನ್ನು ನಾನು ಕಂಡಿರಲಿಲ್ಲ.

ಇನ್ನೇನು, ನಿರ್ದೇಶಕರು ಕುತ್ತಿಗೆ ಹಿಡಿದು ತಳ್ಳುತ್ತಾರೆ ಎಂದುಕೊಂಡೇ ಭಾವ ಪುಟ ಹಿಡಿದು ಹೋದರು. ನಡೆದದ್ದು ಬೇರೆ. ನಿರ್ದೇಶಕರು ಓದಿ ಕುರ್ಚಿಯಿಂದ ಎದ್ದು ಕೈ ಕುಲುಕಿದರು.

"ಅದ್ಭುತ! ಈಗ ಸೋಲಿಗೇ ಮಾರ್ಕೆಟ್ಟು ಸರ್! ಎಲ್ಲಾ ಕಡೆ ಫೇಲ್ಯೂರ್ ಕೇಸ್ ಕೇಳ್ತಿದ್ದಾರೆ. ಆದರೆ ಒಂದೆರಡು ಸಣ್ಣ ತಿದ್ದುಪಡಿ."

"ಏನು ಸರ್?"

"ಈ ಒಗೆಯದ ಬೆಡ್‌ಶೀಟು ಬೇಡ. ನಮ್ಮ ಸಂಸ್ಥೆಗೆ ಮರ್ಯಾದೆ ಅಲ್ಲ. 'ಪ್ರಾರಂಭಿಕ ಮಾಪನದ ಸವಾಲುಗಳು' ಅಂತ ಹಾಕಿ."

"ಮತ್ತೆ?"

"ಈ ಹನ್ನೊಂದು ಹೆಂಗಸರನ್ನ ತೆಗೆದುಬಿಡಿ. ಓದೋವರಿಗೆ ಬೇಜಾರಾಗುತ್ತೆ. ಹುಡುಗರು ಇದರಿಂದ ಏನು ಕಲೀತಾರೆ ಹೇಳಿ?"

ಆ ಎರಡನ್ನೂ ತೆಗೆದರೆ ಪುಟದಲ್ಲಿ ಉಳಿಯುವುದು ಪುಟದ ಸಂಖ್ಯೆ ಮಾತ್ರ. ಭಾವ ಆಗುವುದಿಲ್ಲ ಎಂದರು. ನಿರ್ದೇಶಕರು ಕೋಪ ಮಾಡಿಕೊಳ್ಳಲಿಲ್ಲ. ಅವರು ಕೋಪ ಮಾಡಿಕೊಳ್ಳದ ಹಾಗೆ ತರಬೇತಿ ಪಡೆದವರು. "ಹಾಗಾದ್ರೆ ಹಳೇ ಒಂಬತ್ತು ಪುಟವೇ ಹೋಗಲಿ. ಒಪ್ಪಿಗೆ ಪತ್ರ ಹೇಗೂ ಬಂದಿದೆ. ಕೇಸ್ ಕಾಲೇಜಿನ ಸ್ವತ್ತು. ನಿಮ್ಮ ಹೆಸರು ಬೇಡ ಅಂದ್ರೆ ಹೇಳಿ, ನನ್ನ ಹೆಸರು ಹಾಕ್ಕೊಂಡು ನಾನೇ ತ್ಯಾಗ ಮಾಡ್ತೀನಿ. ಹೆಸರಿದ್ದರೆ ಪ್ರೊಫೆಸರ್. ಯೋಚನೆ ಮಾಡಿ."

ಭಾವ ನೆಟ್ಟಗೆ ಕಚೇರಿಗೆ ಹೋಗಿ ಸೂಪರಿಂಟೆಂಡೆಂಟರ ಮುಂದೆ ನಿಂತರು. ನಮ್ಮ ಛಾಪಖಾನೆಯಲ್ಲೇ ಅಚ್ಚಾಗುವ ಕಾಲೇಜಿನ ಪ್ರಶ್ನೆಪತ್ರಿಕೆಯ ಕರಡು ಕೊಡಲು ಹೋಗಿದ್ದ ನಾನೂ ಅಲ್ಲೇ ಕೂತಿದ್ದೆ.

"ಲಾಂಡ್ರಿಯ ಪತ್ರ ವಾಪಸ್ ಕೊಡಿ."

"ಎಲ್ಲಿದೆ ಸರ್ ಪತ್ರ? ಸ್ಕ್ಯಾನ್ ಮಾಡಿ ಅಪ್‌ಲೋಡ್ ಮಾಡಿ, ಕಾಗದ ಕತ್ತರಿಸಿ ಹಾಕಿದ್ವಿ."

"ಯಾರು ಹೇಳಿದ್ದು ಕತ್ತರಿಸೋಕೆ?"

"ನೀವೇ ಸರ್. ಕಾಗದರಹಿತ ಕಚೇರಿ ಅಂತ ಸುತ್ತೋಲೆ ಬರೆದವರು ನೀವೇ ಅಲ್ವಾ? ಮೂಲ ಪ್ರತಿ ಉಳಿಸಿಕೊಂಡ್ರೆ ಶಿಸ್ತುಕ್ರಮ ಅಂತ ಕೆಳಗೆ ಗೆರೆ ಬೇರೆ ಎಳೆದಿದ್ರಿ."

"ಸರಿ, ಸಿಸ್ಟಮ್ಮಿನಿಂದ ತೆಗೀರಿ."

"ತೆಗೆಯೋ ಬಟನ್ನೇ ಇಲ್ಲ ಸರ್. ಕಳಿಸೋದಿದೆ, ಅನುಮೋದಿಸೋದಿದೆ. ವಾಪಸ್ ತಗೊಳ್ಳೋದು ಇಡಲಿಲ್ಲ ನೀವು. ಬೇಕಾದ್ರೆ ಒಂದು ದೂರಿನ ಟಿಕೆಟ್ ಹಾಕಿ, ಡಿಜಿಟಲ್ ಘಟಕದವರು ನೋಡ್ತಾರೆ."

ಭಾವ ಅಲ್ಲೇ ನಿಂತು ಟಿಕೆಟ್ ಹಾಕಿದರು. ಮರುಕ್ಷಣ ಅವರ ಜೇಬಿನಲ್ಲಿ ಫೋನು ಕುಂಯ್ ಎಂದಿತು. ಡಿಜಿಟಲ್ ಘಟಕದ ಅಧ್ಯಕ್ಷರಿಗೆ ಹೊಸ ದೂರು ಬಂದಿದೆ, ದಯವಿಟ್ಟು ಪರಿಹರಿಸಿ ಎಂದು. ಅಧ್ಯಕ್ಷರು ಅವರೇ. ಸೂಪರಿಂಟೆಂಡೆಂಟರು ಕಿಟಕಿಯ ಕಡೆ ತಿರುಗಿ ಕೆಮ್ಮಿದರು. ನಗು ತಡೆಯುವಾಗ ಬರುವ ಕೆಮ್ಮು ಯಾವುದೆಂದು ನಗೆಬರಹದವರಿಗೆ ತಿಳಿಯುತ್ತದೆ. ನನಗೆ ಮಾತ್ರ ಅವತ್ತು ನಗು ಬರಲಿಲ್ಲ.

ಆ ಭಾನುವಾರ ಭಾವನ ಮನೆಯಲ್ಲಿ ಊಟ. ಅತ್ತಿಗೆಗೆ ವಿಷಯ ಗೊತ್ತಾಗಿತ್ತು. ಬಡಿಸುತ್ತಲೇ ಶುರು ಮಾಡಿದರು.

"ಇಪ್ಪತ್ತೆರಡು ವರ್ಷ ಎಲ್ಲಾ ನುಂಗಿದವರಿಗೆ ಇನ್ನೊಂದು ತುತ್ತು ನುಂಗೋಕೆ ಏನು ಕಷ್ಟ ಅಂತ ಕೇಳ್ತೀನಿ. ಹೇಳೇ, ನೀನಾದ್ರೂ ಹೇಳು."

"ನಾನೇನು ಹೇಳಲಿ ಅಕ್ಕಾ" ಎಂದಳು ನನ್ನ ಹೆಂಡತಿ. "ಆ ಒಂಬತ್ತು ಗಂಟೆ ವಾಕ್ಯ ನಮ್ಮನೆಯವರದ್ದೇ ಅಂತೆ. ನನಗೆ ತಲೆ ಎತ್ತೋಕೆ ಆಗ್ತಿಲ್ಲ."

"ಭಾವ," ಎಂದೆ ನಾನು, ನನ್ನ ಜೀವನದ ಅತ್ಯಂತ ಹೇಡಿ ಸಲಹೆಯನ್ನು ಅನ್ನ ಕಲಸುತ್ತ ಕೊಡುತ್ತ, "ಒಂಬತ್ತು ಪುಟ ಅಚ್ಚಾಗಲಿ. ಪ್ರೊಫೆಸರ್ ಆದ ಮೇಲೆ ಹತ್ತನೇದು ಬೇರೆ ಬರೆಯಬಹುದಲ್ಲ."

"ಬರೀತೀನಾ?" ಎಂದು ಅವರು ನನ್ನನ್ನೇ ಕೇಳಿದರು. ನಾನು ಉಪ್ಪು ಹಾಕಿಸಿಕೊಂಡೆ.

"ನುಂಗೋದು ಕಷ್ಟ ಅಲ್ಲ ಕಣೇ" ಎಂದರು ಹೆಂಡತಿಗೆ. "ನುಂಗಿದ್ದೆಲ್ಲ ಈಗ ವಾಪಸ್ ಬರ್ತಿದೆ. ಏನು ಮಾಡಲಿ? ಬೋರ್ಡಿನ ಮೇಲೆ ಬರೆಯೋಕೆ ಹೋದರೆ ಅವಳು ಒರೆಸೋದು ಕಾಣುತ್ತೆ. ಹುಡುಗರು ನೋಟ್ಸ್ ತಗೊಳ್ಳೋದು ನೋಡಿದರೆ ಹೇಸಿಗೆ ಆಗುತ್ತೆ. ನನ್ನ ಬಾಯಿ ನನಗೇ ನಾರುತ್ತೆ."

ಅತ್ತಿಗೆ ಸೌಟು ಕೆಳಗಿಟ್ಟರು. ನಾವು ಹೊರಡುವಾಗ, "ಅವರ ಜೊತೆ ನಾಳೆ ನೀವೂ ಹೋಗಿ ಬನ್ನಿ. ಒಬ್ಬರೇ ಹೋದರೆ ಆ ದೊಡ್ಡಕ್ಕ ಬೈದಾಳು" ಎಂದು ನನಗೆ ಹೇಳಿದರು. ಎಲ್ಲಿಗೆ ಎಂದು ಭಾವನೂ ಹೇಳಿರಲಿಲ್ಲ, ಅತ್ತಿಗೆಯೂ ಕೇಳಿರಲಿಲ್ಲ.

ದೊಡ್ಡಕ್ಕ ಬೈದಳು. ಉರುಳೆಯ ಸದ್ದಿಗಿಂತ ಮೇಲೆ ಕೇಳುವ ಹಾಗೆ ಬೈದಳು. "ಸಹಿ ಹಾಕಿಸಿಕೊಂಡು ಹೋಗಿ ಕತ್ತರಿಸಿ ಹಾಕಿದ್ರಾ? ಕತ್ತರಿಸಿದ ಮೇಲೂ ಅದು ನಡೆಯುತ್ತಾ? ಎಂಥ ಮಾಟ ಕಲಿಸ್ತೀರಿ ನೀವು ಮಕ್ಕಳಿಗೆ!" ಬೈದು ಮುಗಿಸಿ, ಲಾಂಡ್ರಿಯ ಹೆಸರು ಅಚ್ಚಾದ ಕಾಗದ ತೆಗೆದು ಕೆಳಗೆ ಕಾರ್ಬನ್ ಇಟ್ಟಳು. "ಹೇಳ್ತೀನಿ, ಬರೀರಿ. ನಿಮ್ಮ ಕೈಯಲ್ಲೇ ಬರೀರಿ."

ಭಾವ ಬರೆದರು. ಹತ್ತು ಪುಟಕ್ಕೆ ಕೊಟ್ಟ ಒಪ್ಪಿಗೆ ಒಂಬತ್ತು ಪುಟಕ್ಕೆ ಇಲ್ಲ. ಉದ್ಘಾಟನೆಯ ದಿನ ಎಣಿಸಿದ್ದು ಒಗೆಯದ ಬಟ್ಟೆ. ಕೆಲಸ ಹೋದವರು ಇವರು ಎಂದು ಹೇಳಿ ಹನ್ನೊಂದು ಹೆಸರನ್ನೂ ಬಾಯಿಪಾಠದಂತೆ ಒಪ್ಪಿಸಿದಳು, ಯಾರು ಎಷ್ಟು ವರ್ಷ ದುಡಿದವರು ಎಂಬುದರ ಸಮೇತ. ಏಳನೆಯದು ಕಾಲೇಜಿನವಳ ಹೆಸರು. ಆರು ವರ್ಷದಲ್ಲಿ ಭಾವ ಆ ಹೆಸರನ್ನು ಮೊದಲ ಸಲ ಕೇಳಿದ್ದು ಅಲ್ಲಿ. ದೊಡ್ಡಕ್ಕ ಸಹಿ ಮಾಡಿದಳು. ಕೆಳಗೆ, 'ಇದು ನಿಜ, ವರದಿ ಕೊಟ್ಟವನು ನಾನೇ' ಎಂದು ಬರೆದು ಭಾವ ಸಹಿ ಮಾಡಿದರು. ಅಂಚೆ ಕಚೇರಿಯಲ್ಲಿ ನಾವಿಬ್ಬರೂ ಸಾಲಿನಲ್ಲಿ ನಿಂತು ಅದನ್ನು ಪ್ರಕಾಶನಕ್ಕೆ ರಿಜಿಸ್ಟರ್ಡ್ ಮಾಡಿದೆವು.

ಮೂರು ವಾರಕ್ಕೆ ಉತ್ತರ ಬಂತು. ಕೇಸನ್ನು ಸಂಗ್ರಹದಿಂದ ಕೈಬಿಡಲಾಗಿದೆ, ಅಡಚಣೆಗೆ ವಿಷಾದ. ನಿರ್ದೇಶಕರು ಆಗಲೂ ಕೋಪ ಮಾಡಿಕೊಳ್ಳಲಿಲ್ಲ. ಭಾವನಿಂದ ವಿಷಯ ಕಿತ್ತುಕೊಂಡು, ಘಟಕ ಕಿತ್ತುಕೊಂಡು, ನಗುತ್ತ ಪರೀಕ್ಷಾ ಮೇಲ್ವಿಚಾರಣೆಗೆ ಹಾಕಿದರು. ಹೊಸ ಅಧ್ಯಾಪಕರೊಬ್ಬರು ಬೇರೆ ಯಾವುದೋ ಕಂಪನಿಯ ಉದ್ಘಾಟನೆಯನ್ನು ಪಾಠ ಮಾಡುತ್ತಿದ್ದಾರೆ. ಪ್ರೊಫೆಸರ್ ಸುದ್ದಿ ಮುಟ್ಟಿಸಿದ್ದ ನೆಂಟರಿಗೆಲ್ಲ ಅತ್ತಿಗೆ ಮತ್ತೆ ಫೋನು ತಿರುಗಿಸಲಿಲ್ಲ. ಕೇಳಿದವರಿಗೆ "ಬೇಡ ಅಂದ್ರು" ಎಂದಷ್ಟೇ ಹೇಳುತ್ತಾರೆ. ಯಾರು ಬೇಡ ಅಂದರು ಎಂಬುದನ್ನು ಕೇಳುವವರ ಬುದ್ಧಿಗೆ ಬಿಡುತ್ತಾರೆ.

ಮೊನ್ನೆ ಪ್ರಶ್ನೆಪತ್ರಿಕೆಯ ಕಟ್ಟು ಇಳಿಸಲು ಕಾಲೇಜಿಗೆ ಹೋಗಿದ್ದೆ. ಪರೀಕ್ಷೆ ಮುಗಿದ ಖಾಲಿ ಕೋಣೆಯಲ್ಲಿ ಭಾವ ಒಬ್ಬರೇ ಕುರ್ಚಿಯಲ್ಲಿ ಕೂತಿದ್ದರು. ಆ ಹೆಂಗಸು ಬಕೆಟ್ಟು ಹಿಡಿದು ಒಳಗೆ ಬಂದಳು. ಭಾವ ಅವಳನ್ನು ಹೆಸರು ಹಿಡಿದು ಕರೆದರು. ಬಹಳ ದಿನದಿಂದ ಹೇಳಬೇಕೆಂದುಕೊಂಡದ್ದಿರಬೇಕು. ಒಂದೇ ಉಸಿರಿಗೆ ಹೇಳಿದರು. ಆ ಪಾಠ ಇನ್ನು ಇಲ್ಲ, ಅಚ್ಚೂ ಆಗುವುದಿಲ್ಲ, ನಿಮ್ಮೆಲ್ಲರ ಹೆಸರು ಬರೆದು ಕಳಿಸಿದ್ದೇವೆ, ತಪ್ಪು ನನ್ನದು.

ಅವಳು ಒರೆಸುವ ಬಟ್ಟೆಯನ್ನು ನೀರಿಗೆ ಅದ್ದಿ ಹಿಂಡುತ್ತ ಕೇಳಿಸಿಕೊಂಡಳು. "ದೊಡ್ಡಕ್ಕ ಹೇಳಿದಳು ಸರ್" ಎಂದಳು. "ಅಲ್ಲಿ ಮತ್ತೆ ಜನ ತಗೋತಾರಂತಾ?"

"ಇಲ್ಲ. ಅದು ಆಗಲಿಲ್ಲ."

"ಹೂಂ." ಬಟ್ಟೆಯನ್ನು ಕೋಲಿಗೆ ಸುತ್ತಿದಳು. "ಸರ್, ಸ್ವಲ್ಪ ಕಾಲು ಎತ್ತಿ. ಕೆಳಗೆ ಒರೆಸಬೇಕು."

ಭಾವ ಎರಡೂ ಕಾಲು ಎತ್ತಿದರು. ಅವಳು ಒರೆಸಿ, ಮುಂದಿನ ಸಾಲಿಗೆ ಹೋಗಿ, ಅದರ ಮುಂದಿನ ಸಾಲಿಗೂ ಹೋದಳು. ಇಳಿಸಿ ಎಂದು ಯಾರೂ ಹೇಳಲಿಲ್ಲವಾಗಿ, ನೆಲ ಒಣಗುವ ತನಕ ಅವರು ಹಾಗೇ ಕೂತಿದ್ದರು.